ಗೃಹಸಾಲ ಸಂಸ್ಥೆಗಳೂ ಚಿತ್ರದುರ್ಗದ ಸೀಮೆಯೂ

ಮನೆಗೆ ಸಾಲ ಕೊಡುವ ಸಂಸ್ಥೆಗಳು ಬೆಳೆಯಬೇಕಾದರೆ ಬಂಡವಾಳವೊಂದಿದ್ದರೆ ಸಾಕೆಂದು ಭಾವಿಸುವುದುಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1775ರಲ್ಲಿ ಹುಟ್ಟಿದ ಗೃಹನಿರ್ಮಾಣ ಸಂಘವು ಸದಸ್ಯರ ಸಣ್ಣ ವಂತಿಗೆಗಳಿಂದಲೇ ನಡೆಯಿತೆಂಬುದನ್ನು ನೆನೆದರೆ, ಈ ಭಾವನೆಯು ಪೂರ್ಣಸತ್ಯವಲ್ಲವೆಂದು ತಿಳಿಯುವುದು. ಭಾರತದಲ್ಲಿ 1970ರಲ್ಲಿ ಹುಡ್ಕೋ, 1977ರಲ್ಲಿ ಎಚ್.ಡಿ.ಎಫ್.ಸಿ., 1987ರಲ್ಲಿ ಬೆಂಗಳೂರಿನ ಕ್ಯಾನ್ ಫಿನ್ ಹೋಮ್ಸ್, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಸ್ಥಾಪಿತವಾದುವು. ಠೇವಣಿಯು ಅಲ್ಪಾವಧಿಯದು, ಮನೆಯ ಸಾಲವೋ ಹದಿನೈದಿಪ್ಪತ್ತು ವರ್ಷಗಳದು; ಈ ಅಂತರವನ್ನು ತುಂಬಲು ಸಂಸ್ಥೆಗಳಿಗೆ ಮರುಸಾಲ ಒದಗಿಸುವುದು ವಸತಿ ಬ್ಯಾಂಕಿನ ಕಾರ್ಯ. ಹಣದ ದಾರಿ ಹೀಗೆ ತೆರೆದರೂ ಹೊಳಲ್ಕೆರೆ, ಹೊಸದುರ್ಗಗಳ ಹಳ್ಳಿಗಳಿಗೆ ಅದು ಪಟ್ಟಣಗಳಿಗೆ ಹರಿದಂತೆ ಹರಿಯಲಿಲ್ಲ.

ಇದರ ಮುಖ್ಯ ಕಾರಣವು ಒತ್ತೆಯ ಸ್ವರೂಪದಲ್ಲಿದೆ. ಧರ್ಮಶಾಸ್ತ್ರಕಾರರು ಒತ್ತೆಯನ್ನು ಗೋಪ್ಯಾಧಿ, ಭೋಗ್ಯಾಧಿ ಎಂದು ಎರಡಾಗಿ ವಿಂಗಡಿಸಿದರು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿಯೂ ಈ ವಿಚಾರವುಂಟು. ಎರಡನೆಯದರ ಹೆಸರು ‘ಭೋಗ್ಯ’ವೆಂದು ಕನ್ನಡಿಗರ ಬಾಯಲ್ಲಿ ಇಂದಿಗೂ ಉಳಿದಿರುವುದು ಗಮನಾರ್ಹ. ಎರಡರಲ್ಲಿಯೂ ವಸ್ತುವು ಧನಿಕನ ವಶಕ್ಕೆ ಹೋಗುವುದು. ಗೃಹಸಾಲದಲ್ಲಾದರೋ ಸಾಲಗಾರನು ಒತ್ತೆಯಿಟ್ಟ ಮನೆಯಲ್ಲಿಯೇ ವಾಸಿಸುವನು; ಸಾಲ ಕೊಟ್ಟವನ ಕೈಯಲ್ಲಿರುವುದು ಕಾಗದವೊಂದೇ.

ಆ ಕಾಗದವೇ ಹಳ್ಳಿಗಳಲ್ಲಿ ದುರ್ಲಭ. ಗ್ರಾಮಠಾಣದ ಎಷ್ಟೋ ಮನೆಗಳು ತಲೆಮಾರುಗಳಿಂದ ಅನುಭವದಲ್ಲಿದ್ದರೂ ಅವುಗಳಿಗೆ ಕ್ರಯಪತ್ರವಿಲ್ಲ. ಗೊಲ್ಲರಹಟ್ಟಿ, ಲಂಬಾಣಿ ತಾಂಡಗಳ ಸ್ಥಿತಿ ಇದಕ್ಕಿಂತಲೂ ಕಷ್ಟ. ದಾಖಲೆಯಲ್ಲಿಲ್ಲದ ಇಂಥ ವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕನ್ನು ನೋಂದಾಯಿಸಿಕೊಡುವ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು ಕರ್ನಾಟಕದಲ್ಲಿ 2017ರಷ್ಟು ತಡವಾಗಿ ಜಾರಿಗೆ ಬಂದಿತು. ಗ್ರಾಮದ ಮನೆಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆಯು 2020ರದು. ಕಾಗದವಿದ್ದರೂ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಮೇರೆಗೆ, ಹಕ್ಕುಪತ್ರಗಳನ್ನು ಒಪ್ಪಿಸಿದ ಮಾತ್ರಕ್ಕೆ ಅಡಮಾನವು ಸಿದ್ಧಿಸುವುದು ಸರಕಾರವು ಗೊತ್ತುಪಡಿಸಿದ ಪಟ್ಟಣಗಳಲ್ಲಿ ಮಾತ್ರ. ನ್ಯಾಯಾಲಯದ ಮೆಟ್ಟಿಲೇರದೆ ಒತ್ತೆಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನಿತ್ತ 2002ರ ಸರ್ಫೇಸಿ ಕಾಯಿದೆಯೂ ಕೃಷಿಭೂಮಿಗೆ ಅನ್ವಯಿಸದು. ಆದಕಾರಣ ಪರಿವರ್ತನೆಯಾಗದ ಜಮೀನಿನಲ್ಲಿ ಕಟ್ಟಿದ ತೋಟದ ಮನೆಗೆ ಸಾಲ ಕೊಡಲು ಸಂಸ್ಥೆಗಳು ಹಿಂಜರಿಯುವುವು. ರೈತನ ಜಮೀನನ್ನು ಕಾಪಾಡುವ ನಿಯಮವೇ ಅವನ ಮನೆಗೆ ಅಡ್ಡಿಯಾಗಿರುವುದು ವಿಚಿತ್ರವಾದರೂ, ಅದನ್ನು ತೆಗೆದುಹಾಕಬೇಕೆಂದು ಹೇಳುವುದು ಸುಲಭವಲ್ಲ.

ಇನ್ನು ವರಮಾನದ ಮಾತು. ಚಿತ್ರದುರ್ಗದ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೊಮ್ಮೆ ಸಂಬಳ, ಕಂತೂ ತಿಂಗಳಿಗೊಮ್ಮೆ. ಹೊಳಲ್ಕೆರೆಯ ಅಡಕೆಯವನಿಗೂ ಮಳೆಯಾಶ್ರಯದಲ್ಲಿ ಶೇಂಗಾ ಬಿತ್ತುವವನಿಗೂ ಹಣ ಬರುವುದು ಸುಗ್ಗಿಯಲ್ಲಿ, ಅದೂ ಮಳೆ ಕೈಕೊಡದಿದ್ದರೆ. ಹಿರಿಯೂರಿನಲ್ಲಿ ವಾಣೀವಿಲಾಸ ಸಾಗರದ ನೀರುಣ್ಣುವ ತೋಟಗಳಿಗೆ ಕೊಂಚ ಭದ್ರತೆಯುಂಟು. ಸುಗ್ಗಿಗೆ ಹೊಂದಿಸಿ ಸಾಲವನ್ನು ತೀರಿಸುವ ಪದ್ಧತಿಯು ಬೆಳೆಸಾಲದಲ್ಲಿ ಹಳೆಯದು. ಗೃಹಸಾಲದಲ್ಲಿ ಅದು ಇನ್ನೂ ವಿರಳ.