ಕಸಕ್ಕೆ ಹೋಗುವ ಥರ್ಮಾಕೋಲ್‌ನಿಂದ ಬಾಳಿಕೆಯ ತುಳಸಿಕಟ್ಟೆ

ಊರಿನ ಮನೆಯಲ್ಲಿ ಅಂಗಳದ ನಡುವೆ ತುಳಸಿಕಟ್ಟೆ. ಮುಂಬಯಿಯ ಫ್ಲ್ಯಾಟಿಗೆ ಬಂದ ಮೇಲೆ ಅದು ಗ್ಯಾಲರಿಯ ಮೂಲೆಯ ಪ್ಲಾಸ್ಟಿಕ್ ಕುಂಡವಾಯಿತು. ಕಾರ್ತಿಕ ಮಾಸದ ತುಳಸಿಪೂಜೆ ಬಂದಾಗ ನಮಗೂ ಒಂದು ಕಟ್ಟೆ ಇದ್ದಿದ್ದರೆ ಎಂದು ಅನಿಸುವುದು ಸಹಜ. ಆದರೆ ಒಂದು ಅಡಿ ಅಗಲ, ಎರಡು ಅಡಿ ಎತ್ತರದ ಗಟ್ಟಿ ಕಾಂಕ್ರೀಟ್ ಕಟ್ಟೆ ಸುಮಾರು 135 ಕಿಲೋ ತೂಗುತ್ತದೆ. ಹಳೆಯ ಕಟ್ಟಡದ ಗ್ಯಾಲರಿಗೆ ಈ ಭಾರ ಹೇರುವುದು ಅಪಾಯಕಾರಿ. ಅದೇ ಅಳತೆಯ ಕಟ್ಟೆಯ ಒಳಗೆ ಥರ್ಮಾಕೋಲ್ ಇಟ್ಟು, ಹೊರಗೆ ಒಂದು ಸೆಂಟಿಮೀಟರ್ ಸಿಮೆಂಟಿನ ಹೊದಿಕೆ ಕೊಟ್ಟರೆ ತೂಕ 20 ಕಿಲೋ ಆಸುಪಾಸಿಗೆ ಇಳಿಯುತ್ತದೆ.

ಥರ್ಮಾಕೋಲ್ ಎಂದೊಡನೆ ಗಣೇಶೋತ್ಸವದ ಮಖರ ನೆನಪಾಗುತ್ತದೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಅಂತಹ ಅಲಂಕಾರವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಾದ್ಯಂತ ನಿಷಿದ್ಧ. ಆದುದರಿಂದ ಈ ಕೆಲಸಕ್ಕೆಂದು ಹೊಸತನ್ನು ಕೊಳ್ಳುವ ಮಾತೇ ಬೇಡ. ಫ್ರಿಜ್, ಟಿ.ವಿ.ಗಳ ಪೆಟ್ಟಿಗೆಯೊಳಗೆ ಬಂದು ಕಸದ ತೊಟ್ಟಿಗೆ ಹೋಗುವ ತುಂಡುಗಳೇ ಸಾಕು.

ತುಂಡುಗಳನ್ನು ಬಿಳಿ ಫೆವಿಕಾಲ್‌ನಿಂದ ಅಂಟಿಸಿ, ನಡುವೆ ಬಿದಿರುಕಡ್ಡಿ ಚುಚ್ಚಿ ಒಂದೆರಡು ದಿನ ಒಣಗಲು ಬಿಡಬೇಕು. ಚಪ್ಪಲಿ ಅಂಟಿಸುವ ಘಾಟು ವಾಸನೆಯ ಗೋಂದು ಥರ್ಮಾಕೋಲನ್ನೇ ಕರಗಿಸುತ್ತದೆ. ಹರಿತವಾದ ಚೂರಿಯಿಂದ ಆಕಾರ ಕೊಟ್ಟು ಅಂಚುಗಳನ್ನು ದುಂಡಗೆ ಮಾಡುವುದು ಒಳ್ಳೆಯದು. ಚೂಪು ಅಂಚೇ ಮೊದಲು ಒಡೆಯುವುದು. ಉದುರುವ ಬಿಳಿ ಕಾಳುಗಳನ್ನು ಗಟಾರಕ್ಕೆ ಬಿಡದೆ ಚೀಲದಲ್ಲಿ ತುಂಬಿಡಬೇಕು.

ಬಾಳಿಕೆಯ ಗುಟ್ಟು ಇರುವುದು ಹೊದಿಕೆಯಲ್ಲಿ. ಒಂದು ಪಾಲು ಸಿಮೆಂಟ್, ಎರಡು ಪಾಲು ಸಣ್ಣ ಮರಳು ಬೆರೆಸಿ, ತಾರಸಿಯ ಸೋರಿಕೆ ತಡೆಯಲು ಬಳಸುವ ಹಾಲಿನಂತಹ ದ್ರಾವಣವನ್ನು ನೀರಿಗೆ ಸೇರಿಸಿ ಗಾರೆ ಕಲಸಬೇಕು. ಮೇಲ್ಮೈಯನ್ನು ಉಜ್ಜಿ ಒರಟು ಮಾಡಿ ತೆಳುವಾಗಿ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಗಿಲಾವಿಗೆ ಬಳಸುವ ಫೈಬರ್ ಜಾಲರಿಯನ್ನು ಒತ್ತಿ, ಮೇಲೆ ಇನ್ನೊಂದು ಪದರ ಹಚ್ಚಬೇಕು. ಅಡಿಭಾಗವನ್ನೂ ಬಿಡುವಂತಿಲ್ಲ. ತೆರೆದಿಟ್ಟ ಥರ್ಮಾಕೋಲ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ, ಇರುವೆಗಳು ಗೂಡು ಕಟ್ಟುತ್ತವೆ. ಏಳು ದಿನ ನೆರಳಿನಲ್ಲಿ ಒದ್ದೆ ಗೋಣಿ ಹೊದೆಸಿ, ಚೆನ್ನಾಗಿ ಒಣಗಿದ ಬಳಿಕ ಹೊರಗೋಡೆಗೆ ಬಳಿಯುವ ನೀರಿನ ಬಣ್ಣ ಎರಡು ಕೈ ಹಚ್ಚಿದರಾಯಿತು. ಥಿನ್ನರ್ ಬೆರೆಸಿದ ಬಣ್ಣ ಬೇಡ. ಅದು ಬಿರುಕಿನಿಂದ ಒಳಗಿಳಿದರೆ ಒಳಗಿನ ಥರ್ಮಾಕೋಲ್ ಕರಗಿ ಕಟ್ಟೆ ಟೊಳ್ಳಾಗುತ್ತದೆ.

ತುಳಸಿಯನ್ನು ಕುಂಡ ಸಮೇತ ಮೇಲಿಡುವುದೇ ಸರಿ. ನೀರು ನಿಲ್ಲದಂತೆ ಮೇಲ್ಭಾಗಕ್ಕೆ ಸ್ವಲ್ಪ ಇಳಿಜಾರು ಇರಲಿ.

ದೀಪದ ವಿಚಾರದಲ್ಲಿ ವಿಶೇಷ ಎಚ್ಚರ ಅಗತ್ಯ. ಥರ್ಮಾಕೋಲ್ ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ತಗಲಿದರೆ ಕಪ್ಪು ಹೊಗೆಯೊಂದಿಗೆ ಉರಿಯುತ್ತದೆ. ಕಟ್ಟೆಯಲ್ಲಿ ದೀಪದ ಗೂಡು ಕೊರೆಯದೆ, ಎದುರಿಗೆ ಬೇರೆ ಕಲ್ಲಿನ ಮೇಲೆ ಹಣತೆ ಇಡುವುದೇ ಲೇಸು. ಇನ್ನೊಂದು ಅಪಾಯ ಮಳೆಗಾಲದ ಗಾಳಿ. ಹಗುರವಾದದ್ದು ಉರುಳಿ ಕೆಳಗಿನ ದಾರಿಹೋಕರ ತಲೆಯ ಮೇಲೆ ಬೀಳಬಾರದು. ತಳಕ್ಕೆ ಅಗಲವಾದ ಕಲ್ಲಿನ ಚಪ್ಪಡಿ ಕೂಡಿಸಬೇಕು, ಕಟಾಂಜನದ ಮೇಲೆ ಎಂದೂ ಇಡಬಾರದು. ತಾರಸಿಯಲ್ಲಿ ಇಡುವುದಾದರೆ ಸೊಸೈಟಿಯ ಒಪ್ಪಿಗೆಯೂ ಬೇಕು.

ಇದೇ ಕ್ರಮದಲ್ಲಿ ಕೈತೋಟಕ್ಕೆ ಆನೆ, ಹಂಸ, ಕಲ್ಲುಕಂಬಗಳನ್ನೂ ಮಾಡಬಹುದು. ಆದರೆ ಸಿಮೆಂಟ್ ಮೆತ್ತಿದ ಥರ್ಮಾಕೋಲನ್ನು ಮತ್ತೆ ಬೇರ್ಪಡಿಸುವುದು ಬಲು ಕಷ್ಟ. ಎರಡೇ ವರ್ಷಕ್ಕೆ ಒಡೆದರೆ ನಾವು ಕಸವನ್ನು ಇನ್ನಷ್ಟು ಭಾರ ಮಾಡಿದಂತಾಯಿತು, ಅಷ್ಟೇ. ಹಾಗಾಗಿ ಮಾಡುವುದು ಒಂದೇ ಆದರೂ ಗಟ್ಟಿಯಾಗಿರಲಿ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಬಿರುಕು ಮುಚ್ಚಿ ಬಣ್ಣ ಬಳಿಯುವ ಅಭ್ಯಾಸವಿರಲಿ.

ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗ, ಯುವ ವಿಭಾಗಗಳು ಮಳೆ ಮುಗಿದ ಮೇಲೆ ಒಂದು ಭಾನುವಾರ ಇದಕ್ಕೆ ಮೀಸಲಿಟ್ಟರೆ ತುಳಸಿಪೂಜೆಯ ಹೊತ್ತಿಗೆ ಕಟ್ಟೆ ಸಿದ್ಧವಾದೀತು. ಊರಿನ ಅಂಗಳವನ್ನು ಕಾಣದ ಮಕ್ಕಳ ಕೈಯಿಂದಲೇ ಅದಕ್ಕೆ ಬಣ್ಣ ಬಳಿಸಿದರೆ ಇನ್ನೂ ಚೆನ್ನ.