ಹಳೆ ಮೋವರ್‌ನ ಕಾಯಿಲ್: ಕೆಟ್ಟಿದ್ದೆಷ್ಟು, ಉಳಿಯುವುದೆಷ್ಟು?

ಹುಲ್ಲು ಕತ್ತರಿಸುವ ಹಳೆಯ ಪೆಟ್ರೋಲ್ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇಲ್ಲ. ಹಗ್ಗ ಎಳೆದರೆ ಫ್ಲೈವೀಲ್ ತಿರುಗುತ್ತದೆ. ಅದರ ಅಂಚಿನ ಆಯಸ್ಕಾಂತ ಕಾಯಿಲ್‌ನ ಕಬ್ಬಿಣದ ಕಾಲುಗಳೆದುರು ಹಾಯುವಾಗ ಒಳಗಿನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟು ಹುಟ್ಟುತ್ತದೆ. ಆ ಕರೆಂಟು ಥಟ್ಟನೆ ಕಡಿದಾಗ, ಮೇಲೆ ಸಾವಿರಾರು ಸುತ್ತು ಸುತ್ತಿರುವ ಕೂದಲೆಳೆಯಂಥ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ನುಗಳಲ್ಲಿ 1980ರ ದಶಕದ ಆರಂಭದವರೆಗೂ ಕರೆಂಟು ಕಡಿಯುತ್ತಿದ್ದದ್ದು ಫ್ಲೈವೀಲಿನ ಅಡಿಯಲ್ಲಿದ್ದ ಪಾಯಿಂಟ್, ಅಂದರೆ ತೆರೆದು ಮುಚ್ಚುವ ಪುಟ್ಟ ಲೋಹದ ಸ್ವಿಚ್. ಆಮೇಲೆ ಎಲೆಕ್ಟ್ರಾನಿಕ್ ಕಾಯಿಲ್ ಬಂತು. ಮಲೆನಾಡಿನ ತೋಟಗಳಲ್ಲಿ ಕಳೆ ಸವರುವ ಪೆಟ್ರೋಲ್ ಯಂತ್ರದಲ್ಲೂ ಕಿಡಿ ಹುಟ್ಟುವುದು ಹೀಗೆಯೇ.

ಕಿಡಿ ಬಾರದಿದ್ದರೆ ಕಾಯಿಲ್ ಹೋಯಿತೆಂದು ಹೊಸದು ತರಲು ಓಡುವುದು ಅವಸರದ ಮಾತು. ಮೊದಲು ಬೇರೆ ಪ್ಲಗ್ ಹಾಕಿ ನೋಡಬೇಕು. ಬಳಿಕ ಎಂಜಿನ್ ನಿಲ್ಲಿಸುವ ಸ್ವಿಚ್ಚಿನಿಂದ ಬಂದ ಸಣ್ಣ ತಂತಿಯನ್ನು ಕಾಯಿಲ್‌ನಿಂದ ಬಿಡಿಸಿ, ಪ್ಲಗ್ಗನ್ನು ಹೊರತೆಗೆದು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಹಗ್ಗ ಎಳೆಯಬೇಕು. ಆಗ ಕಿಡಿ ಬಂದರೆ ಕಾಯಿಲ್ ನಿರಪರಾಧಿ. ಇಲಿ ಕಡಿದೋ ಉಜ್ಜಿ ಸವೆದೋ ಆ ತಂತಿ ಎಲ್ಲೋ ಬಾಡಿಗೆ ತಾಗಿದೆ. ಆಗಲೂ ಕಿಡಿ ಬಾರದಿದ್ದರೆ, ಪಾಯಿಂಟ್ ಇರುವ ಎಂಜಿನ್ನಿನಲ್ಲಿ ಅದನ್ನು ನೋಡಬೇಕು. ವರ್ಷಗಟ್ಟಲೆ ಶೆಡ್ಡಿನ ಮೂಲೆ ಹಿಡಿದ ಯಂತ್ರದಲ್ಲಿ ಪಾಯಿಂಟಿನ ಮುಖಕ್ಕೆ ಕಿಲುಬು ಕಟ್ಟಿರುವುದೇ ಹೆಚ್ಚು. ನಯವಾದ ಮರಳುಕಾಗದದಿಂದ ಉಜ್ಜಿ, ಒರೆಸಿ, ಸುಮಾರು 0.5 ಮಿ.ಮೀ. ಅಂತರ ಬಿಟ್ಟರೆ ಎಷ್ಟೋ ಎಂಜಿನ್ನು ಅಷ್ಟಕ್ಕೇ ಹೊತ್ತಿಕೊಳ್ಳುತ್ತವೆ.

ಇಷ್ಟಾದರೂ ಕಿಡಿಯಿಲ್ಲವಾದರೆ ಕಾಯಿಲ್ ಬಿಚ್ಚಬೇಕು. ಪ್ಲಗ್ ತಂತಿಯ ತುದಿಗೂ ಕಬ್ಬಿಣದ ಕಾಲಿಗೂ ಮಲ್ಟಿಮೀಟರ್ ಇಟ್ಟರೆ ಪಾಯಿಂಟ್ ಕಾಲದ ಕಾಯಿಲ್ ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರದಿದ್ದರೆ, ಪ್ಲಗ್ ತಂತಿಯೇ ತುಂಡಾಗಿರದ ಪಕ್ಷದಲ್ಲಿ, ಒಳಗಿನ ಎಳೆ ಹರಿದಿದೆ, ಅದಕ್ಕೆ ಮನೆಮದ್ದಿಲ್ಲ. ಓಮ್ ಸರಿಯಿದ್ದೂ ಕಿಡಿ ಸೊರಗಿದ್ದರೆ ಬಿರುಕುಬಿಟ್ಟ ಹೊದಿಕೆಯೊಳಗೆ ತೇವ ಸೇರಿರಬಹುದು. ಅಂಥದ್ದನ್ನು 100 ಡಿಗ್ರಿ ಸೆಲ್ಸಿಯಸ್ ದಾಟದ ಓವನ್ನಿನಲ್ಲಿ ಕೆಲವು ಗಂಟೆ ಒಣಗಿಸಿ, ಆರಿದ ಮೇಲೆ ಬಿರುಕಿಗೆ ಇನ್ಸುಲೇಟಿಂಗ್ ವಾರ್ನಿಷ್ ಹಚ್ಚುತ್ತಾರೆ. ಇದು ಕೆಲವೊಮ್ಮೆ ಫಲಿಸುತ್ತದೆ, ಖಾತರಿ ಮಾತ್ರ ಇಲ್ಲ. ತಣ್ಣಗಿದ್ದಾಗ ಓಡಿ, ಬಿಸಿಯೇರಿದೊಡನೆ ಕಿಡಿ ನಿಲ್ಲಿಸುವ ಕಾಯಿಲ್‌ಗೆ ಈ ಉಪಚಾರವೂ ದಂಡ, ಬದಲಿಸುವುದೇ ಸರಿ.

ಮರುಜೋಡಿಸುವ ಮುನ್ನ ಕಾಲುಗಳ ಮತ್ತು ಆಯಸ್ಕಾಂತದ ತುಕ್ಕು ಉಜ್ಜಿ ತೆಗೆಯಬೇಕು. ಇವೆರಡರ ನಡುವೆ ಬೇಕಾದ ಅಂತರ 0.25ರಿಂದ 0.35 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಕಾರ್ಡನ್ನು ನಡುವೆ ಇಟ್ಟರೆ ಆಯಸ್ಕಾಂತವೇ ಕಾಯಿಲ್ ಅನ್ನು ಸೆಳೆದು ಹಿಡಿಯುತ್ತದೆ. ಸ್ಕ್ರೂ ಬಿಗಿದು, ಫ್ಲೈವೀಲ್ ತಿರುಗಿಸಿ ಕಾರ್ಡ್ ಎಳೆದರಾಯಿತು. ಪರೀಕ್ಷೆಗೆಂದು ಬಿಡಿಸಿದ್ದ ಸ್ವಿಚ್ ತಂತಿಯನ್ನು ಸಿಕ್ಕಿಸಲು ಮರೆಯಬಾರದು. ಅದಿಲ್ಲದಿದ್ದರೆ ಹೊತ್ತಿಕೊಂಡ ಎಂಜಿನ್ ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ.