ಬರೀ ಹಿಟ್ಟು, ನೀರು ತಾನೇ?
ನಮ್ಮದು ನಾಲ್ವರ ಗ್ಯಾಂಗ್. ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಹೊಸ ರುಚಿ ಹುಡುಕಿ ಹೋಗುವುದೇ ನಮ್ಮ ಹುಚ್ಚು. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ, ಮುದ್ದೆ–ಬಸ್ಸಾರು, ನೀರುದೋಸೆ ಎಲ್ಲ ಆಯಿತು. ಕಳೆದ ಭಾನುವಾರ ‘ಈ ಸಲ ನಿಮ್ಮೂರ ಊಟ’ ಎಂದು ನನ್ನನ್ನು ಖಾನಾವಳಿಗೆ ಎಳೆದೊಯ್ದರು. ನಾನು ಗದಗಿನವಳು.

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಫೋಟೊ ತೆಗೆದದ್ದೇ ತೆಗೆದದ್ದು! ಆಮೇಲೆ ಗೆಳತಿಯೊಬ್ಬಳು ಮೆನು ನೋಡಿ, ‘ಒಂದು ರೊಟ್ಟಿಗೆ 25 ರೂಪಾಯಿನಾ? ಬರೀ ಹಿಟ್ಟು, ನೀರು ತಾನೇ?’ ಎಂದಳು.

ನಿಜ, ಅಷ್ಟೇ. ಆದರೆ ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ, ಹಾಗಾಗಿ ಹಿಟ್ಟಿಗೆ ಜಿಗುಟು ಕಡಿಮೆ. ಕುದಿಯುವ ನೀರು ಹಾಕಿ, ಕೈ ಸುಡುವಾಗಲೇ ನಾದಬೇಕು. ಬಡಿದು ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ನೀರು ಸವರಬೇಕು. ಹಿಟ್ಟು ಆರಿದರೆ ಅಂಚು ಬಿರಿಯುತ್ತದೆ. ನಾನು ಬಡಿದದ್ದಂತೂ ಎತ್ತುವಾಗಲೇ ಹರಿಯುತ್ತದೆ. ಅವ್ವ ಊರಿನ ಖಾನಾವಳಿಯೊಂದಕ್ಕೆ ದಿನಕ್ಕೆ ನೂರು ರೊಟ್ಟಿ ಬಡಿಯುತ್ತಾಳೆ. ನನ್ನ ಹಾಸ್ಟೆಲ್ ಫೀಸು ಬರುವುದು ಅದರಿಂದಲೇ.

ಎರಡು ವರ್ಷದಿಂದ ಇದನ್ನು ಗ್ಯಾಂಗಿಗೆ ಹೇಳಿರಲಿಲ್ಲ. ಕೇಳಿದವರಿಗೆಲ್ಲ ‘ಅಮ್ಮ ಹೌಸ್‌ವೈಫ್’ ಎಂದುಬಿಡುತ್ತಿದ್ದೆ. ಅಂದು ಹೇಳಿಬಿಟ್ಟೆ. ಯಾರೂ ಮಾತಾಡಲಿಲ್ಲ. ಗೆಳತಿ ತಟ್ಟೆಯಲ್ಲಿ ಬಿಟ್ಟಿದ್ದ ಅರ್ಧ ರೊಟ್ಟಿಯನ್ನು ಮೊಸರಿಗೆ ಅದ್ದಿಕೊಂಡು ತಿಂದಳು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

‘ಅದಿರ್ಲಿ, ರೊಟ್ಟಿ ತೆಳ್ಳಗಿತ್ತೇನ?’

‘ಇಲ್ಲಬೇ, ದಪ್ಪ ಇತ್ತು.’

‘ಹಂಗಾದ್ರ 25 ರೂಪಾಯಿ ಜಾಸ್ತಿನ ಆತು ಬಿಡು’ ಎಂದಳು.